ಪೆಟ್ಟಿಗೆಯೊಳಗಿನ ಪ್ರೊಫೆಸರು

ಒಲೆಯ ಮೇಲಿಟ್ಟ ಹಾಲು ನಾವು ನೋಡುತ್ತಿರುವಷ್ಟು ಹೊತ್ತು ಉಕ್ಕುವುದಿಲ್ಲ. ಆಚೆ ತಿರುಗಿ ಒಂದು ಲೋಟ ತೊಳೆಯುವಷ್ಟರಲ್ಲಿ ಉಕ್ಕಿ ಒಲೆಯೆಲ್ಲ ಬಳಿದಿರುತ್ತದೆ. ಸುಳ್ಳೂ ಹಾಗೆಯೇ. ನೋಡೋಣಪ್ಪನವರು ಬೇಕೆಂದು ಸುಳ್ಳು ಹೇಳಿದವರಲ್ಲ, ಪಾಪ. ಅವರು ಹೇಳಿದ್ದು ಒಂದೇ ಒಂದು ಮಾತು. ಅದೂ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿದ್ದಾಗ.

ನೋಡೋಣಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅವರು ಟೇಬಲ್ ಫ್ಯಾನು ತಯಾರಿಸುವ ಕಾರ್ಖಾನೆಯ ದೂರು ವಿಭಾಗದಲ್ಲಿದ್ದರು. ಫ್ಯಾನು ತಿರುಗುತ್ತಿಲ್ಲ ಎಂದವರಿಗೆ, ತಿರುಗಿದ್ದು ನಿಲ್ಲುತ್ತಿಲ್ಲ ಎಂದವರಿಗೆ, ನಿಂತಲ್ಲೇ ನಡುಗಿ ಮೇಜಿನಿಂದ ಕೆಳಗೆ ಹಾರಿತು ಎಂದವರಿಗೆ, ಎಲ್ಲರಿಗೂ ಫೋನಿನಲ್ಲಿ ಒಂದೇ ತಂಪು ದನಿಯಲ್ಲಿ "ನೋಡೋಣ" ಎನ್ನುತ್ತಿದ್ದರು. ಮನೆಯಲ್ಲಿ ಹೆಂಡತಿ "ನಲ್ಲಿ ಸೋರ್ತಿದೆ ರೀ" ಎಂದರೂ ಅದೇ. ಅವರು ಯಾವುದನ್ನಾದರೂ ಎದ್ದು ಹೋಗಿ ನೋಡಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

ಒಂದು ದಿನ ಮ್ಯಾನೇಜರು ಅವರನ್ನು ಒಳಗೆ ಕರೆದರು.

"ಕೂತ್ಕೊಳ್ಳಿ. ನಮಗೂ ವಿಶ್ವವಿದ್ಯಾಲಯಕ್ಕೂ ಒಪ್ಪಂದ ಆಗಿದೆ. ಶನಿವಾರ ಶನಿವಾರ ಡಿಸೈನ್ ಥಿಂಕಿಂಗ್ ಅಂತ ಹೇಳ್ಕೊಡ್ತಾರೆ. ಈಗ ಎಲ್ಲಾ ಕಡೆ ಎಐ, ಎಐ ಅಂತಿದಾರಲ್ಲ, ಅದನ್ನ ಆಫೀಸಲ್ಲಿ ಎಲ್ಲಿ ಕೂರಿಸಬೇಕು, ಹೇಗೆ ಕೂರಿಸಬೇಕು ಅಂತ ಕಲೀಬೇಕಂತೆ. ಯಾರನ್ನ ಕಳಿಸಿದ್ರೆ ಇಲ್ಲಿ ಕೆಲಸ ನಿಲ್ಲೋದಿಲ್ಲ ಅಂತ ಯೋಚಿಸಿದೆ. ಮೊದಲು ನೆನಪಿಗೆ ಬಂದಿದ್ದೇ ನೀವು."

ಇದನ್ನು ಹೊಗಳಿಕೆ ಎಂದುಕೊಂಡೇ ನೋಡೋಣಪ್ಪನವರು ಮನೆಗೆ ಬಂದು ಹೆಂಡತಿಗೆ, "ನನ್ನನ್ನ ವಿಶ್ವವಿದ್ಯಾಲಯಕ್ಕೆ ಕರೆದಿದಾರೆ" ಎಂದರು. ಹೆಂಡತಿ ಮಾರನೆಯ ಬೆಳಿಗ್ಗೆಯೇ ತವರಿಗೆ ಫೋನು ಮಾಡಿದಳು.

ಇಲ್ಲಿ ಮಾವನವರ ವಿಷಯ ಹೇಳಬೇಕು. ಅವರು ನಿವೃತ್ತ ಹೈಸ್ಕೂಲು ಮೇಷ್ಟ್ರು. ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಬೇಕೆಂಬುದು ಅವರ ಜೀವಮಾನದ ಆಸೆ, ಅದು ಆಸೆಯಾಗಿಯೇ ಉಳಿದಿತ್ತು. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳ ಗಂಡ ಡಾಕ್ಟರು. ಅವನನ್ನು ನಾಲ್ಕು ಜನರಿಗೆ ಪರಿಚಯಿಸುವಾಗ ಮೇಷ್ಟ್ರು ಎದೆಯುಬ್ಬಿಸಿ "ಇವರು ನಮ್ಮ ಅಳಿಯಂದಿರು" ಎನ್ನುತ್ತಿದ್ದರು. ನೋಡೋಣಪ್ಪನವರ ಸರದಿ ಬಂದಾಗ ಕನ್ನಡಕ ಒರೆಸಿಕೊಳ್ಳುತ್ತಾ "ಇವರು... ನಮ್ಮ ಎರಡನೇ ಮಗಳ ಗಂಡ" ಎನ್ನುತ್ತಿದ್ದರು. ಅಳಿಯ ಅಲ್ಲ, ಮಗಳ ಗಂಡ ಎಂಬ ಗಾದೆಯನ್ನು ಜನ ತಮಾಷೆಗೆ ಆಡುತ್ತಾರೆ. ನೋಡೋಣಪ್ಪನವರು ಅದರೊಳಗೇ ಸಂಸಾರ ಮಾಡಿಕೊಂಡಿದ್ದರು.

ಅಂದು ಫೋನು ಸ್ಪೀಕರಿನಲ್ಲಿತ್ತು. ಮಾವನವರ ದನಿ ಬಚ್ಚಲಿನವರೆಗೂ ಬಂತು.

"ವಿಶ್ವವಿದ್ಯಾಲಯಕ್ಕಾ? ಯಾತಕ್ಕೆ? ಪಾಠ ಮಾಡೋಕಾ?"

"ರೀ, ಪಾಠ ಮಾಡೋಕಾ ಅಂತ ಕೇಳ್ತಿದಾರೆ ಅಪ್ಪ!"

ಬಾಯಿ ತುಂಬ ನೊರೆಯಿದ್ದ ನೋಡೋಣಪ್ಪನವರು "ಹೂಂ" ಎಂದರು. ಉಗುಳಿ, ಬಾಯಿ ಮುಕ್ಕಳಿಸಿ, ಉಳಿದದ್ದನ್ನು ಹೇಳುವುದೆಂದುಕೊಂಡಿದ್ದರು. ಅಷ್ಟರಲ್ಲಿ ಆ ಕಡೆಯಿಂದ ಮಾವನವರು ಮೆಲ್ಲಗೆ, "ಅಳಿಯಂದಿರಿಗೆ ನನ್ನ ಆಶೀರ್ವಾದ ಹೇಳು" ಎಂದು ಫೋನಿಟ್ಟರು.

ಅಳಿಯಂದಿರು! ನೋಡೋಣಪ್ಪನವರು ಬ್ರಷ್ಷು ಹಿಡಿದು ನಿಂತೇ ಇದ್ದರು. ಮದುವೆಯಾದಾಗಿನಿಂದ ಕಾದಿದ್ದ ಆ ಒಂದು ಪದವನ್ನು ನೊರೆಯ ಜೊತೆಗೆ ಉಗುಳಿಬಿಡಲು ಅವರಿಗೆ ಮನಸ್ಸು ಬರಲಿಲ್ಲ.

ಸುದ್ದಿ ಸಂಜೆಯೊಳಗೆ ಅವರಿದ್ದ ಮಹಡಿ ಕಟ್ಟಡವನ್ನೆಲ್ಲ ಹತ್ತಿ ಇಳಿಯಿತು. ನೆಲಮಹಡಿಯ ಟೈಲರಮ್ಮ ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡೇ ಬಂದಳು.

"ಪ್ರೊಫೆಸರ್ ಅಂದಮೇಲೆ ಕೋಟಿಲ್ಲದೆ ಹೋಗೋದುಂಟಾ ಅಣ್ಣಾ? ಕೈ ಎತ್ತಿ."

"ಕೋಟು... ನೋಡೋಣಮ್ಮ."

"ನೋಡೋದು ಆಮೇಲೆ. ಕೈ ಎತ್ತಿ ಅಂದೆ."

ಕಟ್ಟಡದ ಕಾರ್ಯದರ್ಶಿ ನಿವೃತ್ತ ಜೈಲು ಅಧಿಕಾರಿ. ಎಲ್ಲರೂ ಜೈಲರ್ ಸಾಹೇಬರು ಎನ್ನುತ್ತಿದ್ದರು. ನಿವೃತ್ತರಾದರೂ ಅವರಿಗೆ ಸಂಜೆ ಗೇಟಿನ ಬಳಿ ನಿಂತು ಒಳಗೆ ಬರುವವರನ್ನು ಎಣಿಸುವ ಅಭ್ಯಾಸ ಬಿಟ್ಟಿರಲಿಲ್ಲ. ಅವರು ನೋಡೋಣಪ್ಪನವರನ್ನು ಕಂಡು ಸೆಟೆದು ನಿಂತರು. "ನೀವು ದೊಡ್ಡವರು, ನಮಗೆ ಗೊತ್ತೇ ಆಗಲಿಲ್ಲ. ಇಷ್ಟು ದಿನ ಸುಮ್ಮನೆ ಎಣಿಸಿಬಿಡ್ತಿದ್ದೆ."

ಶನಿವಾರ ಹೊಸ ಕೋಟು ತೊಟ್ಟು ಹೋದ ನೋಡೋಣಪ್ಪನವರು ತರಗತಿಯಲ್ಲಿ ಕೂತದ್ದು ಪುಟ್ಟ ಬೆಂಚಿನ ಮೇಲೆ, ತಮ್ಮದೇ ಕಾರ್ಖಾನೆಯ ಸ್ಟೋರ್‌ಕೀಪರಿಗೂ ಲೆಕ್ಕಪತ್ರದವನಿಗೂ ನಡುವೆ. ಪಾಠ ಮಾಡುವ ಮೇಡಂ ಕ್ಯಾನ್ವಾಸು ಶೂ ಹಾಕಿಕೊಂಡ ಸಣ್ಣ ವಯಸ್ಸಿನ ಹೆಣ್ಣುಮಗಳು.

"ಎಐ ತರೋದು ಕೊನೆಗೆ," ಎಂದಳು ಮೇಡಂ. "ಮೊದಲ ಹಂತ, ಎದುರಿಗಿರೋರ ಕಷ್ಟ ಕೇಳೋದು. ಎರಡನೇದು, ನಿಜವಾದ ಸಮಸ್ಯೆ ಯಾವುದು ಅಂತ ಹಿಡಿಯೋದು. ಆಮೇಲೆ ಉಪಾಯ, ಆಮೇಲೆ ರಟ್ಟಿನಲ್ಲೋ ಕಾಗದದಲ್ಲೋ ಒಂದು ಮಾದರಿ, ಆಮೇಲೆ ಪರೀಕ್ಷೆ. ಯಾರಿಗೆ ಎಲ್ಲಿ ನೋಯ್ತಿದೆ ಅಂತ ಗೊತ್ತಿಲ್ಲದೆ ಯಂತ್ರ ತಂದ್ರೆ, ಹಲ್ಲುನೋವಿಗೆ ಮೊಣಕಾಲಿಗೆ ಪಟ್ಟಿ ಕಟ್ಟಿದ ಹಾಗೆ."

ಎಲ್ಲರಿಗೂ ಹಳದಿ ಅಂಟುಚೀಟಿಗಳನ್ನು ಹಂಚಿದಳು. ಕಷ್ಟಗಳನ್ನು ಬರೆದು ಗೋಡೆಗೆ ಅಂಟಿಸಬೇಕು. ನೋಡೋಣಪ್ಪನವರು ಬರೆದ ಚೀಟಿ: "ಈ ಬೆಂಚು ಚಿಕ್ಕದು."

ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಜೈಲರ್ ಸಾಹೇಬರು. "ಸಾರ್, ನಮ್ಮ ಕಟ್ಟಡದ ಮೆಟ್ಟಿಲ ತುಂಬ ಚಪ್ಪಲಿ. ಹೇಳಿ ಹೇಳಿ ಸಾಕಾಯ್ತು. ನಿಮ್ಮ ವಿದ್ಯೆಯಿಂದ ಏನಾದ್ರೂ ಮಾಡಬೇಕು. ಜನರನ್ನ ಸೇರಿಸಿದೀನಿ. ಎಣಿಸಿಯೂ ಆಯ್ತು."

ನೆರೆದವರು ಮೆಟ್ಟಿಲಿನ ಮೇಲೆ ಸಾಲಾಗಿ ಕೂತಿದ್ದರು. ನೋಡೋಣಪ್ಪನವರು ಕೋಟು ಹಾಕಿಕೊಂಡು, ತರಗತಿಯಿಂದ ತಂದಿದ್ದ ಹಳದಿ ಚೀಟಿಗಳನ್ನು ಹಂಚಿ, ಶನಿವಾರದ ಪಾಠವನ್ನು ಬೆಚ್ಚಗಿರುವಾಗಲೇ ಬಡಿಸಿದರು. "ಮೊದಲ ಹಂತ, ಕಷ್ಟ ಕೇಳೋದು. ಎಲ್ಲರೂ ನಿಮ್ಮ ನೋವು ಬರೆದು ಗೋಡೆಗೆ ಅಂಟಿಸಿ. ಹೆಸರು ಹಾಕಬೇಡಿ."

ಚಪ್ಪಲಿಯ ವಿಷಯ ಯಾರೂ ಬರೆಯಲಿಲ್ಲ. ಅರ್ಧ ಗಂಟೆಯಲ್ಲಿ ಗೋಡೆ ಹಳದಿಯಾಯಿತು. "ಮೇಲಿನ ಮನೆಯವರ ಹಾಡು ನಿಲ್ಲಬೇಕು, ಇಲ್ಲವೇ ರಾಗ ಸೇರಬೇಕು." "ನಮ್ಮನ್ನು ದನ ಎಣಿಸಿದ ಹಾಗೆ ಎಣಿಸುವುದು ಬೇಡ." "ಟೈಲರಮ್ಮ ಹೊಲಿದ ಪ್ಯಾಂಟಿನಲ್ಲಿ ನಿಲ್ಲಬಹುದು, ಕೂರಲಾಗದು." ಈ ಕಡೆಯದು ಹಸಿರು ಶಾಯಿಯಲ್ಲಿತ್ತು, ಮತ್ತು ಹಸಿರು ಶಾಯಿಯ ಪೆನ್ನು ಆ ಕಟ್ಟಡದಲ್ಲಿ ಜೈಲರ್ ಸಾಹೇಬರ ಜೇಬಿನಲ್ಲಿ ಮಾತ್ರ ಇತ್ತು.

"ಕೂರೋಕಾಗಲ್ವಾ?" ಎಂದು ಟೈಲರಮ್ಮ ಎದ್ದಳು. "ಹೊಟ್ಟೆ ನಿಮ್ಮದು, ಬಟ್ಟೆ ನಿಮ್ಮದು, ತಪ್ಪು ಮಾತ್ರ ನನ್ನ ಕತ್ತರೀದಾ?"

"ಯಾರ ರಾಗ ಸೇರಲ್ಲ ಅಂದಿದ್ದು?" ಎಂದು ಮೇಲಿನ ಮನೆಯಾಕೆ ಇಳಿದು ಬಂದಳು, ಅದೂ ತಾರಕದಲ್ಲಿ.

ಎರಡನೇ ಹಂತಕ್ಕೆ ಹೋಗುವ ಅಗತ್ಯವೇ ಬೀಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅರ್ಧ ಕಟ್ಟಡ ಇನ್ನರ್ಧ ಕಟ್ಟಡದ ಜೊತೆ ಮಾತು ಬಿಟ್ಟಿತ್ತು. ಜೈಲರ್ ಸಾಹೇಬರಿಗೆ ಮಾತ್ರ ಪರಮಾನಂದ. "ಏನು ಪಾಠ ಸಾರ್! ನಾನು ಸರ್ವೀಸೆಲ್ಲ ಗದರಿಸಿ ಕೇಳಿದ್ರೂ ಜನ ಇಷ್ಟು ನಿಜ ಹೇಳಿರಲಿಲ್ಲ!" ಎಂದು, ಅದೇ ಉತ್ಸಾಹದಲ್ಲಿ ನೋಡೋಣಪ್ಪನವರ ಹೆಂಡತಿಯಿಂದ ನಂಬರು ಪಡೆದು ಮಾವನವರಿಗೆ ಫೋನು ಮಾಡಿ ವರದಿಯನ್ನೂ ಕೊಟ್ಟರು.

ಪರಿಣಾಮವಾಗಿ, ಕೋರ್ಸಿನ ಕೊನೆಯ ಶನಿವಾರದ ಹಿಂದಿನ ದಿನ ಮಾವನವರು ಒಂದು ಬಟ್ಟೆಚೀಲ ಹಿಡಿದು ಬಂದಿಳಿದರು.

"ನಾಳೆ ನಿಮ್ಮ ಪಾಠ ಕೇಳೋಕೆ ಬರ್ತೀನಿ."

ನೋಡೋಣಪ್ಪನವರ ಕೈಯಲ್ಲಿದ್ದ ಕಾಫಿ ತಟ್ಟೆಗೆ ಇಳಿಯಿತು. "ಅಲ್ಲಿ... ಜಾಗ ಇರಲ್ಲ ಮಾವ."

"ನಿಂತ್ಕೊಂಡು ಕೇಳ್ತೀನಿ."

"ಹೊರಗಿನವರನ್ನ ಬಿಡೋದು ಕಷ್ಟ..."

"ಹಿಂದಿನ ಬೆಂಚಿನ ಮೂಲೇಲಿ ಇರ್ತೀನಪ್ಪ. ಕೆಮ್ಮೋದೂ ಇಲ್ಲ."

ಜೀವಮಾನವಿಡೀ ತರಗತಿಯನ್ನು ಒಂದು ಕೆಮ್ಮಿನಿಂದ ನಿಶ್ಶಬ್ದ ಮಾಡುತ್ತಿದ್ದ ಮನುಷ್ಯ ಹಾಗೆಂದಾಗ ನೋಡೋಣಪ್ಪನವರಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಆಗಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದರು. ಬಂದದ್ದು, "ಸಂಜೆ ಹೊತ್ತಿಗೆ ಬನ್ನಿ, ನೋಡೋಣ." ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಎಂಬುದು ಅವರ ಲೆಕ್ಕಾಚಾರ.

ಬೆಳಿಗ್ಗೆ ಎದ್ದಾಗ ಹೆಂಡತಿ ಪಿಸುಗುಟ್ಟಿದಳು. "ರೀ, ಹೊರಗೆ ಹೋಗಬೇಡಿ ಈಗ. ಅಪ್ಪ ನಿಮ್ಮ ಶೂ ಒರೆಸ್ತಿದಾರೆ. ನೀವು ನೋಡಿದ್ರೆ ನಾಚ್ಕೋತಾರೆ."

ನೋಡೋಣಪ್ಪನವರು ಬಾಗಿಲ ಸಂದಿಯಲ್ಲಿ ಇಣುಕಿದರು. ಮಾವನವರು ಮೋಡದ ಬಣ್ಣಕ್ಕೆ ತಿರುಗಿದ್ದ ಆ ಹಳೇ ಶೂಗಳನ್ನು ಮಂಡಿಯ ಮೇಲಿಟ್ಟುಕೊಂಡು, ಕೂಸಿನ ಮುಖ ಒರೆಸುವಂತೆ ಒರೆಸುತ್ತಿದ್ದರು. ಆ ಶೂಗಳನ್ನು ಮೆಟ್ಟಿ ನಡೆದಾಗ ನೋಡೋಣಪ್ಪನವರಿಗೆ ಪ್ರತಿ ಹೆಜ್ಜೆಗೂ ಮಾವನವರ ಕೈ ತುಳಿದಂತಾಗುತ್ತಿತ್ತು.

ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಅಂದು ಪರೀಕ್ಷೆ. ಒಂದೊಂದು ತಂಡವೂ ತನ್ನ ಮಾದರಿಯನ್ನು ಬಂದವರ ಮುಂದಿಡಬೇಕು. ನೋಡೋಣಪ್ಪನವರ ತಂಡ ಕಟ್ಟಿದ್ದು ದೂರು ಕೇಳುವ ಎಐ ಯಂತ್ರ. ನಿಜವಾದ ಯಂತ್ರವಿರಲಿಲ್ಲ. ಮೇಡಂ ಹೇಳಿಕೊಟ್ಟ ಪದ್ಧತಿಯೇ ಹಾಗೆ. ಯಂತ್ರಕ್ಕೆ ಕೈಹಾಕುವ ಮೊದಲು, ಪೆಟ್ಟಿಗೆಯೊಳಗೆ ಒಬ್ಬ ಮನುಷ್ಯನನ್ನು ಅಡಗಿಸಿ ಯಂತ್ರದಂತೆ ಮಾತಾಡಿಸಬೇಕು. ಜನ ಅದರೆದುರು ಹೇಗೆ ನಡೆದುಕೊಳ್ಳುತ್ತಾರೆ ಎಂದು ನೋಡಬೇಕು. ಒಳಗೆ ಮನುಷ್ಯನಿದ್ದಾನೆಂದು ಕೊನೆಯವರೆಗೂ ಯಾರಿಗೂ ತಿಳಿಯಬಾರದು.

ಫ್ರಿಜ್ಜು ಬಂದಿದ್ದ ದೊಡ್ಡ ರಟ್ಟಿನ ಪೆಟ್ಟಿಗೆಗೆ ಬೆಳ್ಳಿಕಾಗದ ಸುತ್ತಿದ್ದರು. ಕಣ್ಣಿನ ಜಾಗದಲ್ಲಿ ಎರಡು ದೀಪ, ಅದರ ಕೆಳಗೆ ಅಂಚೆಡಬ್ಬಿಗಿರುವಂಥ ಒಂದು ಕಂಡಿ. ಒಳಗೆ ಒಂದು ಸ್ಟೂಲು, ದನಿ ಬದಲಿಸಲು ಎಣ್ಣೆ ಸುರಿಯುವ ಒಂದು ಆಲಿಕೆ. ತೆಳ್ಳಗಿದ್ದವರೂ ದೂರುಗಳನ್ನು ಅರೆದು ಕುಡಿದವರೂ ನೋಡೋಣಪ್ಪನವರೇ ಆದ್ದರಿಂದ ಅವರನ್ನೇ ಕೂರಿಸಿ ಮೇಲಿನಿಂದ ಪೆಟ್ಟಿಗೆ ಕವುಚಿದರು. ಸ್ಟೋರ್‌ಕೀಪರು ಅಭ್ಯಾಸಬಲದಿಂದ ಮೇಲುಭಾಗಕ್ಕೆಲ್ಲ ಟೇಪು ಸುತ್ತಿ "ಜೋಪಾನ, ಒಡೆಯುವ ವಸ್ತು" ಎಂಬ ಚೀಟಿಯನ್ನೂ ಅಂಟಿಸಿದ.

ಮೇಡಂ ಕಂಡಿಯ ಹತ್ತಿರ ಬಾಯಿಟ್ಟು ಹೇಳಿದಳು. "ಒಂದೇ ಒಂದು ಮಾತು ನೆನಪಿರಲಿ. ದಯವಿಟ್ಟು ನೋಡೋಣ ಅನ್ನಬೇಡಿ."

ಮುಖ್ಯ ಅತಿಥಿಗಳಾಗಿ ಕುಲಪತಿಗಳು ಬಂದು ಮುಂದಿನ ಸಾಲಿನಲ್ಲಿ ಕೂತರು. ಅವರ ಹಿಂದೆಯೇ, ಬಾಗಿಲಲ್ಲಿ, ಬಿಳಿ ಅಂಗಿಯ ಮಾವನವರು, ಅವರ ಪಕ್ಕದಲ್ಲಿ ಹೆಂಡತಿ, ಕರೆಯದೆಯೂ ಬಂದ ಜೈಲರ್ ಸಾಹೇಬರು. ಸಂಜೆ ಬನ್ನಿ ಎಂದರೆ ಬೆಳಿಗ್ಗೆಯೇ! ಬೆಲ್ಲಿಗಿಂತ ಮುಂಚೆ ಶಾಲೆಯಲ್ಲಿರುತ್ತಿದ್ದ ಮೇಷ್ಟ್ರಿಗೆ ಸಂಜೆಯೆಂದು ಹೇಳಿದ್ದೇ ನೋಡೋಣಪ್ಪನವರ ತಪ್ಪು.

ಕಂಡಿಯಿಂದ ಇದನ್ನು ಕಂಡ ಯಂತ್ರದೊಳಗೆ ಬೆವರು ಕಿತ್ತುಕೊಂಡಿತು.

ಮಾವನವರು ಮೇಡಂ ಬಳಿ ಹೋದರು. "ಅಮ್ಮಾ, ನಮ್ಮ ಅಳಿಯಂದಿರು ಇಲ್ಲಿ ಪ್ರೊಫೆಸರು. ಅವರ ತರಗತಿ ಎಲ್ಲಿ ಅಂತ ಎಲ್ಲಾ ಕಡೆ ಕೇಳಿದೆ. ಯಾರಿಗೂ ಗೊತ್ತಿಲ್ಲ."

ಪರೀಕ್ಷೆಗೆ ಒಬ್ಬ ನಿಜವಾದ ದೂರುದಾರ ಸಿಕ್ಕಿದನೆಂಬ ಸಂತೋಷದಲ್ಲಿ ಮೇಡಂ ಮುಂದಿನದನ್ನು ಕೇಳಿಸಿಕೊಳ್ಳಲೇ ಇಲ್ಲ. "ಬನ್ನಿ ಸಾರ್, ನಿಮ್ಮ ತೊಂದರೆ ಈ ಯಂತ್ರಕ್ಕೇ ಹೇಳಿ!"

ಮಾವನವರು ಪೆಟ್ಟಿಗೆಯ ಮುಂದೆ ಕುರ್ಚಿಯಲ್ಲಿ ಕೂತು, ಒಮ್ಮೆ ಗಂಟಲು ಸರಿಮಾಡಿಕೊಂಡು, ಕೆಮ್ಮುವುದಿಲ್ಲವೆಂದದ್ದು ನೆನಪಾಗಿ ನುಂಗಿಕೊಂಡರು.

"ನಮಸ್ಕಾರಪ್ಪ. ನಮ್ಮ ಅಳಿಯನ ಪಾಠ ಎಲ್ಲಿ ನಡೀತಿದೆ?"

ಆಲಿಕೆಯಲ್ಲಿ ಮೊದಲು ಉಸಿರು ಮಾತ್ರ ಬಂತು. ಆಮೇಲೆ ಬಾವಿಯ ತಳದಿಂದ ಬಂದಂಥ ದನಿ: "ಇಂದು. ತರಗತಿ. ರದ್ದಾಗಿದೆ."

ತಪ್ಪಿಸಿಕೊಂಡೆ ಎಂದುಕೊಂಡರು ನೋಡೋಣಪ್ಪನವರು. ಎದುರಿಗೆ ಮಾವನವರ ಮುಖ, ಕರೆಂಟು ಹೋದ ಮನೆಯಂತೆ, ಕಪ್ಪಾಯಿತು.

"ಹೌದಾ... ಹಾಗಾದ್ರೆ ಒಂದು ಉಪಕಾರ ಮಾಡಪ್ಪ." ಅವರು ಜೇಬಿನಿಂದ ಒಂದು ಪೆನ್ನು ತೆಗೆದರು. ಕಪ್ಪು, ದಪ್ಪ, ಚಿನ್ನದ ಬಣ್ಣದ ಕ್ಲಿಪ್ಪು ಸವೆದದ್ದು. "ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿದ ದಿನ ಬಳಸಬೇಕು ಅಂತ ವಯಸ್ಸಲ್ಲಿ ಇಟ್ಕೊಂಡಿದ್ದೆ. ಸಿಗಲಿಲ್ಲ. ಅವನಿಗೆ ತಲುಪಿಸಿಬಿಡು. ನಾನು ಕೈಗೆ ಕೊಟ್ರೆ ಅವನೂ ಸಂಕೋಚ ಪಡ್ತಾನೆ, ನನಗೂ ಮಾತು ಬರಲ್ಲ. ನೀನು ಯಂತ್ರ, ನಿನಗೇನೂ ಅನ್ನಿಸಲ್ಲ."

ಪೆನ್ನು ಕಂಡಿಯಿಂದ ಜಾರಿ ನೋಡೋಣಪ್ಪನವರ ತೊಡೆಯ ಮೇಲೆ ಬಿತ್ತು.

ಕಾದ ಬಾಣಲೆ ಬಿದ್ದಿದ್ದರೂ ಅಷ್ಟು ಸುಡುತ್ತಿರಲಿಲ್ಲ. ಯಂತ್ರ ಹೇಳಿತು: "ನಿಮ್ಮ ಅಳಿಯ ಪ್ರೊಫೆಸರ್ ಅಲ್ಲ. ಅವರು ಇಲ್ಲಿ ವಿದ್ಯಾರ್ಥಿ. ಸುಳ್ಳು ಹೇಳಿದಾರೆ."

"ಏನಂದೆ?" ಮಾವನವರು ಎದ್ದು ನಿಂತರು. "ಏಯ್ ಡಬ್ಬ! ಯಾರ ಬಗ್ಗೆ ಮಾತಾಡ್ತಿದೀಯ ಗೊತ್ತಾ? ಅವನು ಸಾಧು ಮನುಷ್ಯ. ಅವನ ಬಾಯಲ್ಲಿ ಮಾತೇ ಬರಲ್ಲ, ಇನ್ನು ಸುಳ್ಳು ಎಲ್ಲಿಂದ ಬರ್ಬೇಕು? ನಮ್ಮ ಅಳಿಯನ್ನ ಸುಳ್ಳ ಅಂತೀಯಾ?"

"ಅವರ ಪಾಠ ನಾವೇ ಕೇಳಿದೀವಿ!" ಜೈಲರ್ ಸಾಹೇಬರು ಕೈಯೆತ್ತಿ ಸಾಕ್ಷಿ ನುಡಿದರು. "ಇವತ್ತಿಗೂ ನಮ್ಮ ಕಟ್ಟಡದಲ್ಲಿ ಯಾರೂ ಯಾರ ಜೊತೆಗೂ ಮಾತಾಡ್ತಿಲ್ಲ!"

"ನಿಜ. ಸುಳ್ಳು ಹೇಳಿದ್ದು ನಿಜ," ಎಂದು ಯಂತ್ರ ಗೋಗರೆಯಿತು. "ನಂಬಿ."

ಕುಲಪತಿಗಳು ಎದ್ದು ಸಭೆಯತ್ತ ತಿರುಗಿದರು. "ನೋಡಿದಿರಾ? ಎಐನ ದೊಡ್ಡ ಕಾಯಿಲೆಯೇ ಇದು. ಇಲ್ಲದ್ದನ್ನು ಕಲ್ಪಿಸಿಕೊಳ್ಳುತ್ತದೆ, ಕಲ್ಪಿಸಿಕೊಂಡಿದ್ದನ್ನು ಧೈರ್ಯವಾಗಿ ಹೇಳುತ್ತದೆ. ಒಬ್ಬ ಪ್ರಾಮಾಣಿಕ ಗೃಹಸ್ಥನ ಮಾನ ಹೇಗೆ ತೆಗೆಯಿತು ನೋಡಿ!" ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ಯಾರಿಗೂ ಕಾಣದಂತೆ ಪೆಟ್ಟಿಗೆಗೆ ಕ್ಯಾನ್ವಾಸು ಶೂನಿಂದ ಒದ್ದಳು.

ದೇವರು ಇಷ್ಟು ಸುಲಭದ ದಾರಿಯನ್ನು ಎಲ್ಲರಿಗೂ ತೋರಿಸುವುದಿಲ್ಲ. ನಿಜ ಹೇಳಿಯೂ ಆಗಿತ್ತು, ಯಾರೂ ನಂಬದೆಯೂ ಆಗಿತ್ತು. ಸುಮ್ಮನೆ ಕೂತಿದ್ದರೆ ಸಾಕಿತ್ತು. ಆದರೆ ಹೊರಗೆ ಮಾವನವರು ಬೆರಳು ತೋರಿಸುತ್ತಾ ಅಳಿಯನ ಪರವಾಗಿ ಇನ್ನೂ ವಾದಿಸುತ್ತಿದ್ದರು. "ಅವನು ಬಡಾಯಿ ಕೊಚ್ಚೋನಲ್ಲ. ನಾನು ಮನುಷ್ಯರನ್ನ ಓದಿದೋನು." ಆ ಒಂದೊಂದು ಮಾತೂ ಬೆಳ್ಳಿಕಾಗದ ತೂರಿ ಬಂದು ನೋಡೋಣಪ್ಪನವರ ಕಿವಿಗೆ ಕಾದ ಎಣ್ಣೆಯಂತೆ ಇಳಿಯಿತು.

ಯಂತ್ರ ಎದ್ದು ನಿಂತಿತು.

ಬಿಚ್ಚಿಕೊಂಡು ಬರಬೇಕೆಂದೇ ಅವರು ಎದ್ದದ್ದು. ಸ್ಟೋರ್‌ಕೀಪರನ ಟೇಪು ಬಿಡಲಿಲ್ಲ. ಪೆಟ್ಟಿಗೆಗೆ ಕೆಳಗಿನಿಂದ ಎರಡು ಕಾಲು ಮೂಡಿ, ಅದು ಮಾವನವರ ಕಡೆಗೆ ತಡವರಿಸಿಕೊಂಡು ನಡೆಯಿತು. "ಅದ್ಭುತ!" ಎಂದರು ಕುಲಪತಿಗಳು. "ನಡೆಯುತ್ತದೆ ಕೂಡ!"

ಮಾವನವರು ಮಾತ್ರ ತಲೆ ತಗ್ಗಿಸಿ ನೆಲವನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಬಗ್ಗಿ ಕಂಡಿಯಲ್ಲಿ ಕಣ್ಣಿಟ್ಟರು. ಒಳಗಿನಿಂದ ಎರಡು ಕಣ್ಣು ಅವರನ್ನು ನೋಡಿ ರೆಪ್ಪೆ ಮುಚ್ಚಿಕೊಂಡವು.

"ಈ ಶೂ," ಎಂದರು ಮಾವನವರು, "ಬೆಳಿಗ್ಗೆ ನಾನೇ ಒರೆಸಿದ್ದು."

ಟೇಪು ಕತ್ತರಿಸಲು ಹೆಂಡತಿಯೇ ಬರಬೇಕಾಯಿತು. ಹೊರಬಂದ ಗಂಡನ ಕೋಟಿನ ತೋಳು ಹರಿದಿತ್ತು, ಮೂಗಿನ ಮೇಲೆ ಬೆಳ್ಳಿಕಾಗದ ಅಂಟಿತ್ತು. ಅದನ್ನು ಕಿತ್ತು ತೆಗೆಯುತ್ತಾ ಅವಳು ಹೇಳಿದ್ದಿಷ್ಟೇ: "ಅವತ್ತು ಬ್ರಷ್ಷು ಬಾಯಿಂದ ತೆಗೆದು ಮಾತಾಡಿದ್ರೆ ಆಗ್ತಿತ್ತು."

ಪೆಟ್ಟಿಗೆ ಎದ್ದು ನಡೆದದ್ದರಿಂದ ಅವರ ತಂಡ ಪಾಸಾಗಲಿಲ್ಲ. ಮುಂದಿನ ತಿಂಗಳು ಮತ್ತೆ ಪರೀಕ್ಷೆ ಎಂದಳು ಮೇಡಂ.

ಬಸ್ಸಿನಲ್ಲಿ ಮಾವ ಅಳಿಯ ಒಂದೇ ಸೀಟಿನಲ್ಲಿ ಕೂತರು. ಜೈಲರ್ ಸಾಹೇಬರು ಹಿಂದಿನ ಸೀಟಿನಿಂದ ಬಹಳ ಸೂಕ್ಷ್ಮವಾಗಿ ಇಬ್ಬರನ್ನೂ ಎಣಿಸಿ ಸುಮ್ಮನಾದರು. ಬಹಳ ದೂರ ಹೋದ ಮೇಲೆ ನೋಡೋಣಪ್ಪನವರು ಪೆನ್ನನ್ನು ಎರಡು ಕೈಯಲ್ಲಿ ಹಿಡಿದು ಮಾವನವರ ಮುಂದೆ ಚಾಚಿದರು. ಮಾವನವರು ಪೆನ್ನು ತೆಗೆದುಕೊಂಡು, ಮುಚ್ಚಳ ಸರಿಯಾಗಿದೆಯೇ ನೋಡಿ, ಜೇಬಿಗೆ ಸಿಕ್ಕಿಸಿಕೊಂಡರು.

"ಪಾಸಾದ್ಮೇಲೆ ಕೊಡ್ತೀನಿ," ಎಂದು ಕಿಟಕಿಯ ಕಡೆ ತಿರುಗಿದರು. "ಆಗ್ತೀಯಾ?"

ನಾಲಿಗೆಯ ತುದಿಗೆ ಬಂದ ಆ ಹಳೇ ಮಾತನ್ನು ನೋಡೋಣಪ್ಪನವರು ಜೀವನದಲ್ಲಿ ಮೊದಲ ಬಾರಿಗೆ ನುಂಗಿದರು. "ಆಗ್ತೀನಿ ಮಾವ."

ಮಾವನವರು ಊರಿಗೆ ಹೋಗಲಿಲ್ಲ. ಸೋಮವಾರ ಸಂಜೆ ನೋಡೋಣಪ್ಪನವರು ಕೆಲಸದಿಂದ ಬಂದು ಕಾಲು ತೊಳೆದುಕೊಳ್ಳುವಷ್ಟರಲ್ಲಿ ನಡುಮನೆಯಲ್ಲಿ ಒಂದು ಕುರ್ಚಿ, ಅದರೆದುರು ಒಂದು ಮಣೆ ಹಾಕಿತ್ತು. ಮಣೆ ಯಾರಿಗೆಂದು ಹೇಳಬೇಕಾಗಿರಲಿಲ್ಲ. ಸೆಕೆಗೆ ಬಾಗಿಲು ತೆರೆದೇ ಇತ್ತು. ಮೆಟ್ಟಿಲ ಮೇಲೆ ಇಷ್ಟು ದಿನ ಮುಖ ತಿರುಗಿಸಿಕೊಂಡಿದ್ದವರೆಲ್ಲ, ಪಾಠ ಕೇಳುವ ನೆಪದಲ್ಲಿ, ಒಬ್ಬರನ್ನೊಬ್ಬರು ಒತ್ತಿಕೊಂಡು ನಿಂತಿದ್ದರು.

"ಮೊದಲ ಹಂತ?"

"ಎದುರಿಗಿರೋರ ಕಷ್ಟ ಕೇಳೋದು, ಮಾವ."

"ಎರಡನೇದು?"

"ನಿಜವಾದ ಸಮಸ್ಯೆ ಯಾವುದು ಅಂತ ಹಿಡಿಯೋದು."

"ಯಾವುದು?"

ನೋಡೋಣಪ್ಪನವರು ಮಣೆಯ ಅಂಚನ್ನು ಉಗುರಿನಿಂದ ಕೆರೆದರು. "ನಾನೇ, ಮಾವ."

ಅಷ್ಟರಲ್ಲಿ ಟೈಲರಮ್ಮನನ್ನು ನೋಡಲು ಬಂದಿದ್ದ ಯಾರೋ ಹೊಸ ಹೆಂಗಸು, ಗುಂಪು ಕಂಡು ಮೇಲೆ ಬಂದವಳು, ಬಾಗಿಲಲ್ಲಿ ತಲೆ ಹಾಕಿ ಕೇಳಿದಳು. "ಮನೆಪಾಠನಾ ಮೇಷ್ಟ್ರೇ? ಇವರು ಯಾರು?"

ನೋಡೋಣಪ್ಪನವರ ತಲೆ ಎದೆಗೆ ತಗುಲಿತು. ಮಾವನವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ನಮ್ಮ ಹುಡುಗ," ಎಂದರು. "ಸ್ವಲ್ಪ ನಿಧಾನ, ಅಷ್ಟೇ."

ಆಮೇಲೆ ಮಣೆಯ ಕಡೆ ತಿರುಗಿ, ತಡೆದಿಟ್ಟುಕೊಂಡಿದ್ದ ಕೆಮ್ಮನ್ನು ಒಮ್ಮೆ ಗಟ್ಟಿಯಾಗಿ ಕೆಮ್ಮಿದರು.

"ಮೂರನೇದು ಹೇಳೋ."